ಸಿಹಿಬಾವಿಯ ಅತಿಥಿ

ಅತಿಥಿಮಾಸದ ನಲವತ್ತೊಂದನೆಯ ದಿನ, ಕ್ರಿ.ಶ. ೨೨೧೯
ಬಿಳಿಕಲ್ಲು ದ್ವೀಪರಾಷ್ಟ್ರ

ಏಳು ತಲೆಮಾರಿನಾಚೆಯ ನನ್ನ ಅಜ್ಜಿ ನಾಗಮ್ಮನವರ ಪಾದಗಳಿಗೆ,

ಇಂಥದೊಂದು ತಿಂಗಳುಂಟೇ ಎಂದು ಗಾಬರಿಯಾಗಬೇಡಿ. ಹಡಗುಗಳು ಹೆಚ್ಚು ದಿನ ನಿಲ್ಲಲೆಂದು ನಮ್ಮ ಸರಕಾರ ಮಳೆಗಾಲದಿಂದ ದಿನಗಳನ್ನು ಕಿತ್ತು ಈ ಹದಿಮೂರನೆಯ ತಿಂಗಳನ್ನು ಹೊಲಿದಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ದನಿ ದೊಡ್ಡದಾದರೆ ಮಾತ್ರ ಕ್ಷಮೆ ಕೇಳಲಾರೆ. ಮೂವತ್ತು ವರ್ಷ ರಾಕ್ಷಸನ ವೇಷ ಕಟ್ಟಿ ಗರ್ಜಿಸಿದ ಗಂಟಲಿದು!

ಅಜ್ಜಿ, ನಾವೀಗ ರಾಷ್ಟ್ರ! ಧ್ವಜವಿದೆ, ರಾಷ್ಟ್ರಗೀತೆಯಿದೆ, ಕುಡಿಯಲು ನೀರಿಲ್ಲ. ನಾವೆಲ್ಲ ‘ತೋರಿಕೆಯವರು’, ಎಂದರೆ, ಹಡಗಿನಲ್ಲಿ ಬಂದ ಪ್ರವಾಸಿಗರಿಗೆ ಬದುಕಿ ತೋರಿಸುವುದೇ ನಮ್ಮ ಉದ್ಯೋಗ. ಬೆಳಿಗ್ಗೆ ಹತ್ತಕ್ಕೆ ದಡದಲ್ಲಿ ಬಲೆ ಎಳೆಯುತ್ತೇವೆ. ಬಲೆಯೊಳಗೆ ರಬ್ಬರಿನ ಬಂಗುಡೆ! ನಿಜವಾದದ್ದು ಅವರ ತಟ್ಟೆಗೆ, ನಮಗೆ ಪರದೇಶದ ಡಬ್ಬಿಮೀನು. ಅವರ ಈಜುಕೊಳ ತುಂಬುವ ತನಕ ನಮ್ಮ ನಲ್ಲಿಗಳು ಬರೀ ಕೆಮ್ಮುತ್ತವೆ.

ಮದುಮಗಳು ಸಿಹಿಬಾವಿಯಿಂದ ಮೊದಲ ಕೊಡ ಸೇದಿ, ಬೆಲ್ಲದೊಡನೆ ಅತ್ತೆಗೆ ಕೊಡುವ ಪದ್ಧತಿ ನಿಮ್ಮದೇ ಅಲ್ಲವೇ? ಆ ಬಾವಿ ಈಗ ಅತಿಥಿಗೃಹದ ಬೇಲಿಯೊಳಗಿದೆ. ನನ್ನ ಮಗಳು ಶರಾವತಿಯ ಮದುವೆಗೆ ಅಪ್ಪಣೆ ಕೇಳಲು ಹೋದೆ. ಅಲ್ಲಿನ ಮೇಲ್ವಿಚಾರಕ ದಾಸಪ್ಪ, ನಮ್ಮೂರವನೇ, ಹಲ್ಲು ಕಿರಿದ.

“ಹೋಯ್ ಸುಕ್ರಣ್ಣ, ಬಾವಿ ಕೊಡ್ತೆ. ಆದ್ರೆ ಆ ದಿನ ಮೂರ್ ಹಡಗ್ ಬತ್ತ್. ಮದಿ ಮೂರ್ ಸಲ ಆಯ್ಕ್.”

“ನನ್ ಮಗಳೆಂತ ಬೊಂಬೆಯಾ?”

“ಬೊಂಬಿಗಾರೆ ಸಂಬ್ಳ ಇಲ್ಲ ಮರಾಯ್ರೆ, ನಿಮ್ಗ್ ಇತ್ತಲೆ!”

ಒಪ್ಪಿದೆ. ಗರ್ಜಿಸುವ ಈ ಗಂಟಲು ಅಂದು ಬೆಕ್ಕಿನಂತೆ ‘ಆಯ್ತು’ ಎಂದಿತು. ಮೂರು ಸಲ ತಾಳಿ ಕಟ್ಟಿಸಿದರು. ಅತಿಥಿಗಳ ಹಿಂದಿನ ಸಾಲಿಗೆ ಕಾಣಲಿಲ್ಲವೆಂದು, ಮದುಮಗಳು ಇತ್ತ ತಿರುಗಿ ಅಳಲಿ ಎಂದರು. ಮೂರನೆಯ ಕೊಡದಿಂದ ಒಂದು ಗುಟುಕು ಕುಡಿದ ಬೀಗಿತ್ತಿ ಪದ್ದಕ್ಕ ಥೂ ಎಂದು ಉಗುಳಿ ಸೊಸೆಯತ್ತ ತಿರುಗಿದರು.

“ಎಂತ ಹೆಣೆ ಇದ್? ಕಡ್ಲ್ ನೀರ್!”

ಈಜುಕೊಳಗಳು ಸಿಹಿನೀರನ್ನು ಹೀರಿ ಹೀರಿ, ಬಾವಿಯ ತಳದಿಂದ ಕಡಲೇ ಒಳಗೆ ಬಂದಿತ್ತು. ನನ್ನ ಮಗಳು ಕೊಡ ಹಿಡಿದು ಕಲ್ಲಾಗಿ ನಿಂತಳು. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು! ಅದೂ ಆಟದ ಭಾಗವೆಂದುಕೊಂಡರು, ಅಜ್ಜಿ!

ಮರುದಿನವೇ ಹೋಗಿ, ಅತಿಥಿಗೃಹಕ್ಕೆ ಜಾಗ ಬಿಟ್ಟುಕೊಟ್ಟ ಹಳೆಯ ಕರಾರುಪತ್ರ ತೆಗೆಸಿ ಓದಿದೆ. ಕೆಳಗೆ ನಿಮ್ಮ ಹೆಬ್ಬೆಟ್ಟು. ಜಾಗ ಎಷ್ಟೆಂದು ಬರೆದಿದೆ, ಬಾವಿ ಯಾವುದೆಂದು ಬರೆದಿದೆ, ಎಲ್ಲಿಯ ತನಕ ಎಂದು ಮಾತ್ರ ಬರೆದಿಲ್ಲ. ಯಾಕೆಂದು ನನಗೆ ಗೊತ್ತು. ಮನೆಗೆ ಬಂದವರನ್ನು ಹೊರಡುವುದು ಯಾವಾಗ ಎಂದು ಕೇಳುವುದು ನಮ್ಮಲ್ಲಿ ಇಲ್ಲ. ನನಗೂ ಹಾಗೇ ಕಲಿಸಿದ್ದಾರೆ. ಆ ಒಂದು ಮರ್ಯಾದೆ ನಮ್ಮನ್ನು ಕುಡಿದುಬಿಟ್ಟಿತು!

ಆ ಕರಾರಿನ ತಾರೀಖಿನ ಪ್ರಕಾರ, ಅದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲ ಅತಿಥಿ ನಿಮ್ಮ ಜಗಲಿಗೆ ಬರುವುದು ನಿಮ್ಮ ಲೆಕ್ಕದಲ್ಲಿ ನಾಳೆ. ಚಾಪೆ ಹಾಸಿ. ಬೆಲ್ಲ ಕೊಡಿ, ನೀರು ಕೊಡಿ. ಅವನು ಕಾಗದ ಬಿಚ್ಚಿದಾಗ ಹೆಬ್ಬೆರಳನ್ನು ಸೆರಗಿನೊಳಗೆ ಬಚ್ಚಿಟ್ಟು, ಒಂದೇ ಒಂದು ಸಲ ಮರ್ಯಾದೆಗೆಟ್ಟು, ನನ್ನ ಮಗಳ ಕೊಡದ ತನಕ ಕೇಳಿಸುವಂತೆ ಕೇಳಿಬಿಡಿ:

“ಹೊರ್ಡುದ್ ಯಾವಾಗ?”

ಬಾಯಾರಿದ ನಿಮ್ಮ ಕುಡಿ,
ಸುಕ್ರ ಖಾರ್ವಿ