ಹೂಂಗುಟ್ಟುವವರು

ಹತ್ತನೇ ತಾರೀಖು, ಶನಿವಾರ ಮಧ್ಯಾಹ್ನ

ಚಿನ್ನು,

ಚೆನ್ನಾಗಿದ್ದೀಯಲ್ಲ? ಪುಟ್ಟಿಯ ಹಲ್ಲು ಬಿತ್ತೋ, ಇನ್ನೂ ಅಲ್ಲಾಡುತ್ತಿದೆಯೋ? ಈ ಕಾಗದವನ್ನು ಭಾನುವಾರವೇ ಬರೆಯಬೇಕಿತ್ತು, ಆರು ದಿನ ತಡ ಮಾಡಿದೆ. ಬೈದುಕೋ. ಫೋನಿರುವಾಗ ಕಾಗದವೇಕೆ ಎಂದು ನಗಬೇಡ. ಕಾಗದವಾದರೆ ನೀನೇ ಓದುತ್ತೀಯ.

ನಮ್ಮ ಎರಡನೇ ಕ್ಲಾಸಿಗೆ ಟ್ಯಾಬ್ಲೆಟ್ ಬಂದಿವೆ. ಇಪ್ಪತ್ತಾರು ಮಕ್ಕಳಿಗೆ ಇಪ್ಪತ್ತಾರು, ಹೆಡ್‌ಫೋನ್ ಬೇರೆ. ಕಥೆಯನ್ನು ಅದೇ ಓದುತ್ತದೆ. ಓದಿದ ಪದ ಹಳದಿಯಾಗುತ್ತದೆ, ಮಗು ಬೆರಳಿಟ್ಟುಕೊಂಡು ಹಿಂದೆ ಹಿಂದೆ ಹೋಗುತ್ತದೆ. ನಿಜ ಹೇಳಬೇಕೆಂದರೆ ನನಗಿಂತ ಚೆನ್ನಾಗಿ ಕಲಿಸುತ್ತದೆ. ವರ್ಷವಿಡೀ ತುಟಿ ಬಿಚ್ಚದ ಕೊನೆ ಬೆಂಚಿನ ಹುಡುಗಿ ಮೊನ್ನೆ ಒಂದಿಡೀ ಪುಟ ತಡವರಿಸದೆ ಓದಿದಳು. ನಾನು ಆ ಕಡೆ ತಿರುಗಿ ಬೋರ್ಡ್ ಒರೆಸಿದೆ. ಬೋರ್ಡಿನ ಮೇಲೆ ಏನೂ ಇರಲಿಲ್ಲ.

ನನ್ನ ಕ್ಲಾಸಿನ ಕಟ್ಟಳೆ ನಿನಗೆ ಗೊತ್ತಲ್ಲ. ನಾನು ಕಥೆ ಹೇಳುವಾಗ ಸಾಲಿಗೊಮ್ಮೆ ಹೂಂಗುಟ್ಟಬೇಕು, ಇಲ್ಲದಿದ್ದರೆ ರಾಜ ಕುದುರೆ ಮೇಲೇ ಕೂತಿರುತ್ತಾನೆ, ಇಳಿಯುವುದೇ ಇಲ್ಲ. ಈ ಮಕ್ಕಳು ಟ್ಯಾಬ್ಲೆಟ್ಟಿಗೂ ಹೂಂ ಅನ್ನುತ್ತವೆ ಕಣೇ! ಒಂದೊಂದು ಮಗು ಒಂದೊಂದು ಕಥೆಯಲ್ಲಿ. ಇಲ್ಲೊಂದು ಹೂಂ, ಅಲ್ಲೊಂದು ಹೂಂ.

"ನೀವು ಹೂಂ ಅನ್ನದಿದ್ರೂ ಅದು ಓದತ್ತೆ ಕಣ್ರೋ" ಅಂದೆ.

ಒಬ್ಬಳು ಹೆಡ್‌ಫೋನ್ ಸರಿಸಿ, "ಪಾಪ ಟೀಚರ್, ಅದಕ್ಕೆ ಬೇಜಾರಾಗಲ್ವಾ?" ಅಂದಳು.

ಕೋಣೆ ತುಂಬ ಹೂಂ. ನನ್ನ ಪಾಲಿನದು ಒಂದೂ ಇಲ್ಲ.

ತಿಂಗಳ ಕೊನೆಗೆ ನಿವೃತ್ತಿ. "ಇನ್ನು ಗಂಟಲಿಗೂ ರಜೆ ಕೊಡಿ ಮೇಡಂ" ಎಂದು ಹೆಡ್‌ಮಾಸ್ಟರು ನಕ್ಕರು. ಮನೆ ಓನರಮ್ಮ ಎರಡು ಸಲ ಮೆಟ್ಟಿಲು ಹತ್ತಿ ಬಂದರು. "ಟೀಚರಮ್ಮ, ಇಲ್ಲೇ ಇರ್ತೀರೋ, ಮಗಳ ಹತ್ರ ಹೋಗ್ತೀರೋ? ಮನೆ ಕೇಳ್ಕೊಂಡು ಜನ ಬರ್ತಿದ್ದಾರೆ." ಮಗಳನ್ನು ಕೇಳಿ ಹೇಳುತ್ತೇನೆ ಎಂದೆ. ಎರಡನೇ ಸಲವೂ ಅದನ್ನೇ ಹೇಳಿದಾಗ ನನ್ನ ಮುಖವನ್ನೇ ನೋಡಿ ಇಳಿದು ಹೋದರು.

ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಅಮ್ಮ

ಹಾಂ, ಒಂದು ಮಾತು ಮರೆತೆ. ಮರೆತಿಲ್ಲ, ಕೊನೆಗೆ ಉಳಿಸಿಕೊಂಡೆ. ಭಾನುವಾರ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆನಲ್ಲ. ನಿಮ್ಮಪ್ಪ ಹೋದ ಮೇಲೆ ಈ ಮನೆಯಲ್ಲಿ ನನ್ನ ದನಿ ಕೇಳಿ ನಾನೇ ಬೆಚ್ಚುವುದು, ನಿನ್ನ ಹತ್ತಿರ ಬಂದು ಇರಲೇ ಎನ್ನುವುದು, ಎಂದೂ ಬಾಯಿಗೆ ಬಾರದ್ದನ್ನೆಲ್ಲ ಹೇಳಿದೆ. ನೀನು ಸಾಲಿಗೊಂದು ಹೂಂ ಅನ್ನುತ್ತಿದ್ದೆ. ಕೊನೆಗೆ "ಏನಂತೀಯ?" ಎಂದು ಕೇಳಿದೆ.

ಪುಟ್ಟಿ ಮಾತಾಡಿದಳು. "ಅಮ್ಮ ಆಗ್ಲೇ ಫೋನ್ ನನ್ ಕೈಗೆ ಕೊಟ್ಟು ಹೋದ್ಳು ಅಜ್ಜಿ. ನಾನೇ ಹೂಂ ಅಂತಿದ್ದೆ. ಆಮೇಲೆ ಏನಾಯ್ತು, ಹೇಳು."

ಹೋದ ರಜೆಯಲ್ಲಿ ಅವಳಿಗೆ ಹೂಂಗುಟ್ಟಲು ಕಲಿಸಿದವಳು ನಾನೇ. "ನಿಮ್ಮಮ್ಮನ್ನ ಕೇಳಿ ಹೇಳ್ತೀನಿ" ಅಂದೆ.

ಕೇಳುತ್ತಿದ್ದೇನೆ, ಚಿನ್ನು.