ಹತ್ತನೆಯ ಡ್ರಾ

ಬಾಥೆಲ್, ಅಮೆರಿಕ,
೨೩ ನವೆಂಬರ್ ೨೦೨೫

ಪ್ರೀತಿಯ ಫರೀದಾ,

ಹೇಗಿದ್ದೀಯಾ? ಸಕ್ಕರೆ ಹತೋಟಿಯಲ್ಲಿದೆಯಾ, ಇಲ್ಲಾ ರೋಗಿಗಳಿಗೆಲ್ಲ ಬುದ್ಧಿ ಹೇಳಿ ಮನೆಗೆ ಬಂದು ದಂರೋಟ್ ತಿನ್ನುವ ಚಾಳಿ ಇನ್ನೂ ಇದೆಯಾ? ನಿನ್ನ ಮಗ ಮುಆಜ್‌ನಿಂದ ನಿಜ ತಿಳಿದುಕೊಳ್ಳುತ್ತೇನೆ, ನಿನ್ನನ್ನು ನಂಬುವುದಿಲ್ಲ.

ಮೊದಲು ಬೈಸಿಕೊಂಡುಬಿಡುತ್ತೇನೆ. ನಿನ್ನ ತಮ್ಮನ ಮಗಳು ಆಯತ್ ರೆಡ್ಮಂಡ್‌ನಿಂದ ಬಂದು ನಿನ್ನ ಪೊಟ್ಟಣ ಕೊಟ್ಟು ಮೂರು ವಾರವಾಯಿತು. ತಲುಪಿತು ಎಂದು ಒಂದು ಮೆಸೇಜು ಹಾಕಿದ್ದು ಬಿಟ್ಟರೆ ನಾನು ಬಾಯಿಬಿಟ್ಟಿಲ್ಲ. ನೀನು ಎರಡು ಸಲ ಕಾಲ್ ಮಾಡಿದಾಗಲೂ ಎತ್ತಲಿಲ್ಲ. ಮಂಡಿನೋವಿನ ನೆಪ ಹೇಳೋಣವೆಂದರೆ ಫೋನ್ ಎತ್ತಲು ಮಂಡಿ ಬೇಕಿಲ್ಲ ಅನ್ನುತ್ತೀಯ. ಕೆಲವು ಮಾತು ನನಗೆ ಕಾಗದದಲ್ಲೇ ಬರುವುದು.

ಪೊಟ್ಟಣದಲ್ಲಿದ್ದ ಆ ಪುಟ್ಟ ಪುಸ್ತಕವನ್ನು ನೀನು ನಲವತ್ತಮೂರು ವರ್ಷ ಇಟ್ಟುಕೊಂಡಿದ್ದೀಯೆಂದು ನನಗೆ ಗೊತ್ತೇ ಇರಲಿಲ್ಲ. ೧೯೮೨ರ ಸೋವಿಯತ್ ಫುಟ್‌ಬಾಲ್ ಲೀಗಿನ ಪಂದ್ಯಪಟ್ಟಿ. ಅಂಗೈಯಷ್ಟು ಅಗಲ, ಪ್ರತಿ ಪಂದ್ಯದ ಎದುರು ಫಲಿತಾಂಶ ಬರೆದುಕೊಳ್ಳಲು ಖಾಲಿ ಮನೆ. ನಾವು ಓದುತ್ತಿದ್ದಾಗ ಮಿನ್ಸ್ಕ್‌ನ ಹಾಸ್ಟೆಲಿನಲ್ಲಿ ಬೇರೆ ಹುಡುಗಿಯರು ತುಟಿಬಣ್ಣಕ್ಕೆ ಕ್ಯೂ ನಿಂತರೆ ನೀನು ಈ ಪುಸ್ತಕಕ್ಕೆ ನಿಂತೆ. ಮೈಸೂರಿನಿಂದ ಬಂದ ನನಗೆ ಕಾರ್ನರ್ ಕಿಕ್ ಯಾವುದು, ಗೋಲ್ ಕಿಕ್ ಯಾವುದು ತಿಳಿಯುತ್ತಿರಲಿಲ್ಲ. ನೀನು ಶಿವಾಜಿನಗರದವಳು, ಅಬ್ಬಾನ ಹೆಗಲ ಮೇಲೆ ಕೂತು ಫುಟ್‌ಬಾಲ್ ನೋಡಿ ಬೆಳೆದವಳು. ರೇಡಿಯೋದಲ್ಲಿ ಬಂದ ಫಲಿತಾಂಶವನ್ನು ನೀನು ಕೂಗುವುದು, ನಾನು ಕನ್ನಡ ಅಂಕಿಯಲ್ಲಿ ತುಂಬುವುದು, ಭಾನುವಾರ ನೀನು ಅದನ್ನೆಲ್ಲ ಅಬ್ಬಾಗೆ ಕಾಗದ ಬರೆಯುವುದು. ಅವರು ಒಂದು ಸಲ ನನಗೂ ಒಂದು ಸಾಲು ಬರೆದಿದ್ದರು, "ವಸಂತಲಕ್ಷ್ಮಿ ಬೇಟಿ, ಮಿನ್ಸ್ಕ್ ಗೆದ್ದರೆ ನನಗೆ ಮೊದಲು ನೀನೇ ಹೇಳಬೇಕು" ಅಂತ.

ಕಳೆದ ಶನಿವಾರ ಆ ಪುಸ್ತಕವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಮೊಮ್ಮಗಳು ಭಾವನಾಳ ಮ್ಯಾಚಿಗೆ ಹೋಗಿದ್ದೆ. ಅವಳಮ್ಮ, ನಮ್ಮ ಅಕ್ಷಯಾ, ಆಫೀಸು ಕೆಲಸ ಎಂದು ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಮಡಚುವ ಕುರ್ಚಿ ಹಾಕಿಕೊಂಡು ಗೆರೆಯ ಪಕ್ಕ. ಆಟ ಎರಡು-ಎರಡಕ್ಕೆ ನಿಂತಿತು. ಎರಡೂ ತಂಡದ ಹುಡುಗಿಯರು ಗೆದ್ದವರಂತೆ ಕುಣಿದು ಜ್ಯೂಸು ಕುಡಿದರು. ಪಕ್ಕದಲ್ಲಿದ್ದ ಬಿಳಿಕೂದಲ ಹೆಂಗಸು ರಷ್ಯನ್‌ನಲ್ಲಿ ಗೊಣಗಿಕೊಂಡಳು, "ಡ್ರಾಗೆ ಇಷ್ಟು ಸಂಭ್ರಮವಾ! ನಮ್ಮ ಕಾಲದಲ್ಲಾಗಿದ್ರೆ ಹತ್ತೇ ಹತ್ತು."

ನನ್ನ ಬಾಯಿ ನನ್ನನ್ನು ಕೇಳದೆ ರಷ್ಯನ್ ಆಡಿತು, "ಹನ್ನೊಂದನೇದಕ್ಕೆ ಪಾಯಿಂಟ್ ಇಲ್ಲ."

ಅವಳು ತಿರುಗಿ ನನ್ನ ಸೀರೆ, ಸ್ವೆಟರು, ಬೂಟು ಎಲ್ಲ ನೋಡಿದಳು. ಹೆಸರು ಗಲೀನಾ, ಹುಟ್ಟಿದ್ದು ಮಿನ್ಸ್ಕ್, ಟ್ರಾಮ್ ಓಡಿಸುತ್ತಿದ್ದಳಂತೆ. ಎಂಬತ್ತೆರಡರಲ್ಲಿ ನಮ್ಮ ಊರು ಗೆದ್ದಾಗ ಜನ ರಸ್ತೆ ತುಂಬ ತಬ್ಬಿಕೊಂಡು ನಿಂತರು, ಟ್ರಾಮ್ ಮುಂದಕ್ಕೇ ಹೋಗಲಿಲ್ಲ ಅಂದಳು. ನಾನು ಪುಸ್ತಕ ತೆಗೆದು ಕೈಗಿಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು, ಫರೀದಾ! ನಮ್ಮವರು ಮಾಡುವ ಹಾಗೆಯೇ.

ಭಾವನಾ ಬಂದು "ಅಜ್ಜೀ, ವಾಟ್ ಈಸ್ ದಟ್?" ಅಂದಳು. ತಂಡಗಳು ಒಳಗೊಳಗೇ ಮಾತಾಡಿಕೊಂಡು ಡ್ರಾ ಮಾಡಿಕೊಳ್ಳಬಾರದು ಅಂತ ಸೋವಿಯತ್‌ನವರು ಒಂದು ನಿಯಮ ಮಾಡಿದ್ದರು, ವರ್ಷಕ್ಕೆ ಹತ್ತು ಡ್ರಾಗೆ ಮಾತ್ರ ಪಾಯಿಂಟು, ಆಮೇಲೆ ಸೊನ್ನೆ ಎಂದು ಹೇಳಿದೆ. "ದಟ್ಸ್ ಸೋ ಮೀನ್" ಅಂದಳು. ಅಂಚಿನಲ್ಲಿದ್ದ ನೀಲಿ ಗೀಟುಗಳನ್ನು ತೋರಿಸಿ ಇವೇನು ಅಂತ ಕೇಳಿದಳು. ಅವು ನಮ್ಮವು ಅಂದೆ. ನೀನೂ ನಾನೂ ಜಗಳವಾಡಿ ಇಬ್ಬರೂ ಕ್ಷಮೆ ಕೇಳದೆ ಸುಮ್ಮನಾದರೆ ಅದು ಡ್ರಾ, ಒಂದು ಗೀಟು. ಹತ್ತು ಮುಗಿದ ಮೇಲೆ ಯಾರಾದರೊಬ್ಬರು ತಪ್ಪೊಪ್ಪಿಕೊಳ್ಳಲೇಬೇಕು. ಉಪ್ಪಿನಕಾಯಿ ಡಬ್ಬಿಗೆ ಒಂದು ಗೀಟು, ನಿನ್ನ ಉಣ್ಣೆ ಟೋಪಿಯನ್ನು ನಾನು ಟ್ರಾಮಿನಲ್ಲಿ ಬಿಟ್ಟು ಬಂದದ್ದಕ್ಕೆ ಇನ್ನೊಂದು. ನವೆಂಬರಿನ ಹೊತ್ತಿಗೆ ಒಂಬತ್ತಾಗಿತ್ತು. ಮಿನ್ಸ್ಕ್‌ನದೂ ಒಂಬತ್ತೇ ಅಂತ ನಾವು ಬಿದ್ದು ಬಿದ್ದು ನಕ್ಕಿದ್ದೆವು.

ನವೆಂಬರ್ ಹತ್ತೊಂಬತ್ತು ನಿನಗೆ ನಾನು ನೆನಪಿಸಬೇಕಿಲ್ಲ. ಮಾಸ್ಕೋದಲ್ಲಿ ಸ್ಪಾರ್ಟಕ್ ಮೇಲೆ ಕೊನೆಯ ಪಂದ್ಯ, ಗೆದ್ದರೆ ಕಪ್ ನಮ್ಮದು. ಹಾಸ್ಟೆಲಿನ ಹಾಲ್‌ನಲ್ಲಿ ಟಿವಿ ಮುಂದೆ ನೀನು ನನ್ನ ತೋಳು ಹಿಡಿದ ಗುರುತು ಮೂರು ದಿನ ಹೋಗಲಿಲ್ಲ. ನಾಲ್ಕು-ಮೂರು. ಆಮೇಲೆ ನಾನು ನಿನ್ನ ಕೈಗೆ ಟೆಲಿಗ್ರಾಂ ಕೊಟ್ಟೆ: ಅಬ್ಬಾ ಆಸ್ಪತ್ರೆಯಲ್ಲಿ, ನಿನ್ನ ಜೊತೆ ಮಾತಾಡಬೇಕಂತೆ, ಇವತ್ತೇ ಚಿಕ್ಕಪ್ಪನ ಫೋನಿಗೆ ಮಾಡು. ನಾವು ಹಿಮದಲ್ಲಿ ಜಾರುತ್ತ ಓಡಿ ಪೋಸ್ಟಾಫೀಸು ಮುಟ್ಟಿದಾಗ ಕೌಂಟರಿನವಳು, "ಇಂಡಿಯಾ ಕಾಲ್ ಬುಕಿಂಗ್ ಈಗಷ್ಟೇ ಮುಚ್ಚಿತು, ನಾಳೆ ಬನ್ನಿ" ಅಂದಳು. ಬೆಳಿಗ್ಗೆ ಲೈನ್ ಸಿಕ್ಕಾಗ ಫೋನಿನಲ್ಲಿದ್ದದ್ದು ಚಿಕ್ಕಪ್ಪ. ನಸುಕಿನ ಫಜರ್ ನಮಾಜಿನ ಹೊತ್ತಿಗೇ ಎಲ್ಲ ಮುಗಿದಿತ್ತು.

ಅಂದು ಆ ಬೆಂಚಿನ ಮೇಲೆ ನಿನ್ನನ್ನು ತಬ್ಬಿ ಕೂತಿದ್ದೆ ಎಂಬುದೊಂದೇ ಕಾರಣಕ್ಕೆ ನೀನು ಜೀವನಪೂರ್ತಿ ನನ್ನನ್ನು ಹೊಗಳಿದೆ. ನಿನ್ನ ಮದುವೆಯಲ್ಲಿ ಅತ್ತೆಯ ಮುಂದೆ, "ಅಮ್ಮೀ, ಇವಳಿಲ್ದೇ ಇದ್ದಿದ್ರೆ ನಾನು ಅವತ್ತೇ ಹೋಗ್ಬಿಡ್ತಿದ್ದೆ" ಅಂದೆ. ಆದರೆ ಕೊಟ್ಟವಳು ನೀನು. ನನ್ನ ಹೊಟ್ಟೆಯಲ್ಲಿ ಅಕ್ಷಯಾ ಅಡ್ಡ ತಿರುಗಿದ್ದಾಗ ಬೆಂಗಳೂರಿನಿಂದ ಬಸ್ಸು ಹತ್ತಿ ಬಂದು ಹೆರಿಗೆ ಮಾಡಿಸಿದೆ. ಅವಳನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡ ಕೈ ನಿನ್ನದು. ನಮ್ಮೆಜಮಾನರು ಹೋದಾಗ ಹನ್ನೊಂದು ದಿನ ಕ್ಲಿನಿಕ್ಕು ಮುಚ್ಚಿ ನನ್ನ ಅಡುಗೆಮನೆಯಲ್ಲಿ ನಿಂತೆ. ಇಷ್ಟಕ್ಕೆಲ್ಲ ನಾನು ಒಂದು ಸಲವೂ ನೆಟ್ಟಗೆ ಥ್ಯಾಂಕ್ಸ್ ಹೇಳಿಲ್ಲ. ಈಗ ಹೇಳುತ್ತಿದ್ದೇನೆ. ನನಗೆ ಸಿಕ್ಕ ಒಳ್ಳೆಯದರಲ್ಲಿ ಅರ್ಧ ನಿನ್ನಿಂದ ಬಂದದ್ದು.

ಗಲೀನಾ ಬರುವ ಭಾನುವಾರ ಚಹಾಕ್ಕೆ ಕರೆದಿದ್ದಾಳೆ. ನಿನ್ನ ಹೆಸರನ್ನು ಕೇಳಿ ಬರೆದುಕೊಂಡಳು. ಮುಆಜ್‌ಗೂ ಸೊಸೆಗೂ ನನ್ನ ಆಶೀರ್ವಾದ ತಿಳಿಸು. ಆಯತ್ ಇಲ್ಲಿ ಒಂಟಿ ಎಂದು ಯೋಚಿಸಬೇಡ, ವಾರಕ್ಕೊಮ್ಮೆ ಊಟಕ್ಕೆ ಬರುವಂತೆ ಗದರಿಸಿದ್ದೇನೆ. ನಿನ್ನನ್ನು ನಿನ್ನ ದೇವರೂ ನನ್ನ ದೇವರೂ ಸೇರಿ ಚೆನ್ನಾಗಿಟ್ಟಿರಲಿ.

ನಿನ್ನ
ವಸಂತಿ

ತಾ.ಕ.: ಪೊಟ್ಟಣ ಬಂದ ದಿನವೇ ನೋಡಿದೆ. ಪುಸ್ತಕದ ಕೊನೆಯ ಪುಟದಲ್ಲಿ ಆ ಟೆಲಿಗ್ರಾಂ ಇದೆ. ಹಾಸ್ಟೆಲ್ ಬಾಗಿಲು ಕಾಯುತ್ತಿದ್ದ ಮುದುಕಿ ಯಾವುದನ್ನೂ ಸಹಿ ಇಲ್ಲದೆ ಕೊಟ್ಟವಳಲ್ಲ. ಹಿಂಬದಿಯಲ್ಲಿ ನೇರಳೆ ಶಾಯಿಯಲ್ಲಿ ಅವಳು ಬರೆದ ಸಮಯ, ಕೆಳಗೆ ಕನ್ನಡದಲ್ಲಿ ನನ್ನ ಸಹಿ. ಆಟ ಶುರುವಾಗುವ ಮುಂಚಿನ ಸಮಯ. ಆಗ ಓಡಿದ್ದರೆ ಬುಕಿಂಗ್ ತೆರೆದಿರುತ್ತಿತ್ತು.

ಎರಡು ಗಂಟೆ ತಾನೇ, ಅಬ್ಬಾಗೆ ಗೆದ್ದ ಸುದ್ದಿಯನ್ನೂ ಹೇಳಬಹುದು ಅಂದುಕೊಂಡು ಅದನ್ನು ಸ್ವೆಟರಿನೊಳಗೆ ಇಟ್ಟುಕೊಂಡಿದ್ದೆ. ಈಗಷ್ಟೇ ಬಂತು ಎಂದು ನಿನಗೆ ಸುಳ್ಳು ಹೇಳಿದೆ. ನಿನಗೆ ಗೊತ್ತೇ ಇಲ್ಲವೆಂದು ಇಷ್ಟು ವರ್ಷ ನಂಬಿ ನಿನ್ನ ಹೊಗಳಿಕೆ ನುಂಗಿದೆ.

ಅಂಚಿನಲ್ಲಿ ಒಂಬತ್ತು ಗೀಟು ನನಗೆ ನೆನಪಿತ್ತು. ಹತ್ತನೆಯದು ನಿನ್ನ ಕೈಯದು. ಪಕ್ಕದಲ್ಲಿ '೧೯ ನವೆಂಬರ್' ಅಂತಿದೆ, ಶಾಯಿ ಮಾಸಿದೆ. ಆ ವಾರವೇ ಹಾಕಿದ್ದೀಯೆಂದಾಯಿತು. ಆಮೇಲೂ ನನ್ನ ಮಗುವನ್ನು ಎತ್ತಿಕೊಂಡೆ.

ಫರೀದಾ, ಆ ಗೀಟನ್ನು ಹೊಡೆದುಹಾಕಿದ್ದೇನೆ. ಅದು ಡ್ರಾ ಅಲ್ಲ. ತಪ್ಪು ನನ್ನದು, ಪೂರ್ತಿ ನನ್ನದು. ಕ್ಷಮಿಸು. ನಾಳೆಯಿಂದ ನೀನು ಯಾವಾಗ ಕಾಲ್ ಮಾಡಿದರೂ ಎತ್ತುತ್ತೇನೆ.