ಹಾರ್ನ್ ಇಲ್ಲದ ದುಬಾರಿ ಗಾಡಿ

ಮಗಳ ಮನೆ,
ಹಜಾರದಲ್ಲಿ ಗಾಡಿ ಬಿಟ್ಟು ಮಿಕ್ಕ ಜಾಗ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಸಮಸ್ತ ಬಂಧುಬಳಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ವಂಶದ ಇತಿಹಾಸದಲ್ಲೇ ಮೊಟ್ಟಮೊದಲ ಬಾರಿಗೆ ನಾಲ್ಕು ಚಕ್ರದ ವಾಹನವೊಂದು ಮನೆಯ ಮುಂದೆ ನಿಲ್ಲುವ ಬದಲು ಮನೆಯೊಳಗೇ ಸಂಸಾರ ಹೂಡಿದೆ. ಅದಕ್ಕೆ ಎಂಜಿನ್ ಇಲ್ಲ, ಹೆಡ್‌ಲೈಟ್ ಇಲ್ಲ, ಹಾರ್ನಂತೂ ಇಲ್ಲವೇ ಇಲ್ಲ. ಎಂಜಿನ್ನಿನ ಕೆಲಸಕ್ಕೆ ನನ್ನನ್ನು ನೇಮಿಸಿಕೊಂಡಿದ್ದಾರೆ.

ಅದಿರಲಿ, ಮೊದಲು ನಿನ್ನ ಸಮಾಚಾರ ಹೇಳು. ಹೇಗಿದ್ದೀಯ? ನಿಮ್ಮಕ್ಕನ ಕಣ್ಣಿನ ಪಟ್ಟಿ ಬಿಚ್ಚಿದರೇ? ಹನಿ ಹಾಕುವ ಹೊತ್ತಿಗೆ ಸರಿಯಾಗಿ ಅವರಿಗೆ ಬಚ್ಚಲುಮನೆ ನೆನಪಾಗುವುದು ನಿಂತಿದೆಯೇ? ಅವರ ಆರೈಕೆಯ ಭರದಲ್ಲಿ ನಿನ್ನ ಊಟ ನಿದ್ದೆ ಮರೆಯಬೇಡ. ಅವರಿಗೆ ಓದಲು ಆಗದ ಕಾರಣ ನನ್ನ ಕಾಗದಗಳನ್ನು ನೀನು ಗಟ್ಟಿಯಾಗಿ ಓದಿ ಹೇಳುತ್ತೀಯ, ಆಮೇಲೆ ಅಕ್ಕತಂಗಿ ಇಬ್ಬರೂ ಸೇರಿ ನಗುತ್ತೀರಿ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಗಿ, ಕಣ್ಣಿಗೆ ಒಳ್ಳೆಯದು. ಫೋನ್ ಮಾಡಬಾರದೇ ಎಂದು ನೀನು ಕೇಳುತ್ತೀಯ. ಜೀವಮಾನವೆಲ್ಲ ಬಸ್ಸಿನ ಎಂಜಿನ್ ಸದ್ದನ್ನು ಮೀರಿಸಿ ಮಾತಾಡಿದ ಗಂಟಲು ನನ್ನದು. ಈ ಮನೆಯ ಗೋಡೆಗಳೋ ರಟ್ಟಿನ ಹಾಗಿವೆ. ನಾನು ಫೋನಿನಲ್ಲಿ ಗುಟ್ಟು ಹೇಳಿದರೆ ಮಗಳು ಅಡಿಗೆಮನೆಯಿಂದಲೇ ಉತ್ತರ ಕೊಡುತ್ತಾಳೆ.

ಈಗ ಗಾಡಿಯ ಕಥೆಗೆ ಬರುತ್ತೇನೆ. ನೀನು ಅತ್ತ ಹೋದ ವಾರವೇ ಅಳಿಯ ಮಹಾಶಯರು ಮೇಡಂನವರಿಗೆ ಗಾಡಿ ಕೊಳ್ಳುವ ಸಂಕಲ್ಪ ಮಾಡಿದರು. ಮೇಡಂ ಎಂದರೆ ನಿನ್ನ ಮೊಮ್ಮಗಳೇ. ಮೇಲಧಿಕಾರಿಗಳು ಜೀಪಿನಲ್ಲಿ ಕೂರುವ ಗತ್ತಿನಲ್ಲಿ ಕೂರುತ್ತಾಳೆ, ಎದುರಿಗಿದ್ದವರನ್ನು ತಪಾಸಣೆಗೆ ಬಂದವಳ ಹಾಗೆ ನೋಡುತ್ತಾಳೆ, ಹಾಗಾಗಿ ಆ ಪದವಿಯನ್ನು ನಾನೇ ದಯಪಾಲಿಸಿದ್ದೇನೆ. ಅಳಿಯಂದಿರು ಮೊಬೈಲಿನಲ್ಲಿ ಗಾಡಿಗಳ ವಿಡಿಯೋ ನೋಡಿದರು ನೋಡಿದರು, ನಮ್ಮ ಮಗಳನ್ನು ನೋಡಲು ಬಂದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ. ಕೊನೆಗೆ ಆರಿಸಿದ ಗಾಡಿಯ ಬೆಲೆ ಕೇಳಿ ನಾನು ಕುಳಿತುಬಿಟ್ಟೆ. ಆ ದುಡ್ಡಿಗೆ ಸಾಧಾರಣ ಗಾಡಿ ಐದು ಬರುತ್ತಿದ್ದವು, ವಾರದಲ್ಲಿ ಐದು ದಿನ ದಿನಕ್ಕೊಂದರಲ್ಲಿ ಕೂರಿಸಿ ಉಳಿದೆರಡು ದಿನ ಮಗುವನ್ನು ಎತ್ತಿಕೊಂಡು ತಿರುಗಬಹುದಿತ್ತು. ಹೇಳಿಯೂ ಹೇಳಿದೆ. ಅಳಿಯಂದಿರು, "ಮಾವ, ಇದಕ್ಕೆ ಸಸ್ಪೆನ್ಷನ್ ಇದೆ" ಎಂದರು. ಅಲ್ಲವೇ, ನಾನು ಓಡಿಸಿದ ಎಷ್ಟೋ ಬಸ್ಸುಗಳಿಗೇ ಅದು ಇರಲಿಲ್ಲ! ಜನ ಹತ್ತಿದರು, ಕುಲುಕಿದರು, ಇಳಿದು ಮನೆಗೆ ಹೋದರು. ಬೆನ್ನು ಹೋಯಿತೆಂದು ಯಾರೂ ದೂರು ಕೊಡಲಿಲ್ಲ.

ಮಗಳಾದರೂ ಬುದ್ಧಿ ಹೇಳುತ್ತಾಳೆಂದು ನೋಡಿದರೆ ಅವಳೂ ಗಂಡನ ಕಡೆಗೇ ನಿಂತಳು. "ಅಪ್ಪಾ, ಮಗು ಬೆನ್ನಿಗೆ ಒಳ್ಳೇದಂತೆ ಕಣಪ್ಪಾ" ಎಂದಳು. "ನಿನ್ನನ್ನು ನಿಮ್ಮಮ್ಮ ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿದಳಲ್ಲ, ನಿನ್ನ ಬೆನ್ನಿಗೆ ಏನಾಗಿದೆ ತಾಯಿ" ಎಂದೆ. "ನನ್ನ ಬೆನ್ನಿಗೇನೂ ಆಗಿಲ್ಲ, ಅಮ್ಮನ ಸೊಂಟ ಕೇಳು" ಎಂದಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇವಳ ಬಾಯಿಯಲ್ಲಿ ಮಾತು ಗುಳಿಗೆಯ ಹಾಗೆ ಬರುತ್ತದೆ, ಚಿಕ್ಕದು, ಕಹಿ. ನಾನು ನೀರು ಕುಡಿದು ನುಂಗಿಕೊಂಡೆ.

ಗಾಡಿ ಬಂತು. ಊರವರ ಜಮೀನನ್ನೆಲ್ಲ ಇಂಚಿಂಚು ಅಳೆದು ಕಲ್ಲು ನೆಡಿಸುವ ಸರ್ವೆಯರ್ ನಮ್ಮ ಅಳಿಯ. ಬೀದಿಯ ಇಳಿಜಾರು ಅಳೆದರು, ಫುಟ್‌ಪಾತಿನ ಎತ್ತರ ಅಳೆದರು, ಚಕ್ರದ ಅಗಲವನ್ನು ಗುಂಡಿಯ ಅಗಲಕ್ಕೆ ತಾಳೆ ನೋಡಿದರು. ಅಳೆಯದೇ ಬಿಟ್ಟದ್ದು ಒಂದನ್ನೇ, ನಮ್ಮ ಕಟ್ಟಡದ ಲಿಫ್ಟನ್ನು! ಗಾಡಿ ಒಳಗೆ ಹೋದರೆ ಮನುಷ್ಯನಿಗೆ ಜಾಗವಿಲ್ಲ. ನಾನು ಮೂಲೆಗೆ ಒರಗಿ, ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ನಿಂತರೆ ಬಾಗಿಲು ಮುಚ್ಚುತ್ತದೆ. ನಡುವೆ ಸೀನು ಬಂದರೆ ಮತ್ತೆ ತೆರೆದುಕೊಳ್ಳುತ್ತದೆ. ಮನೆಯೊಳಗಂತೂ ಗಾಡಿಗೆ ಬಚ್ಚಲ ಬಾಗಿಲ ಮುಂದಿನ ಜಾಗವೇ ಸಿಕ್ಕಿದೆ. ಸ್ನಾನಕ್ಕೆ ಹೋಗುವವರು ಅದನ್ನು ಹಿಂದಕ್ಕೆ ತೆಗೆದು, ತಿರುಗಿಸಿ, ದಾರಿ ಮಾಡಿಕೊಂಡು ಹೋಗಬೇಕು. ಬಸ್ ನಿಲ್ದಾಣದಲ್ಲಿ ರಿವರ್ಸ್ ತೆಗೆದ ಅನುಭವ ನನಗಿದೆ, ಸರಿ. ಅಳಿಯಂದಿರ ಪಾಡು ನೋಡಬೇಕು ನೀನು, ಟವೆಲು ಒಂದು ಕಡೆ, ಸೋಪು ಒಂದು ಕಡೆ.

ಹೊಸ ಬಸ್ಸು ಡಿಪೋಗೆ ಬಂದರೆ ಡ್ರೈವರ್ ಆದವನು ಒಂದು ಸುತ್ತು ಬಂದು, ಟೈರಿಗೆ ಒದ್ದು, ಬ್ರೇಕು ನೋಡಿ, ಆಮೇಲೆ ತಾನೇ ಸೀಟಿಗೆ ಹತ್ತುವುದು? ನಾನೂ ಅದೇ ಮಾಡಿದೆ. ಟೈರಿಗೆ ಒದ್ದದ್ದಕ್ಕೆ ಮಗಳು ಬೈದಳು. ಮೇಡಂನವರ ಬದಲು ಅಕ್ಕಿಯ ಚೀಲ ಕೂರಿಸಿ ಬೆಲ್ಟು ಬಿಗಿದು ಹಜಾರದಲ್ಲಿ ಟ್ರಯಲ್ ತೆಗೆದೆ, ಅದಕ್ಕೂ ಬೈದಳು. ನನ್ನ ತಪಾಸಣೆಯ ಫಲಿತಾಂಶ ಕೇಳು. ಹಿಡಿಯನ್ನು ನಮ್ಮ ಎತ್ತರಕ್ಕೆ ಏರಿಸಿ ಇಳಿಸಬಹುದು. ಕೈ ಬಿಟ್ಟರೆ ತಾನಾಗಿ ಬ್ರೇಕು ಬೀಳುತ್ತದೆ. ಸೀಟನ್ನು ಹಿಂದುಮುಂದು ಮಾಡಬಹುದು, ಅಂದರೆ ಪ್ರಯಾಣಿಕರು ದಾರಿಯುದ್ದಕ್ಕೂ ಡ್ರೈವರನ ಮುಖವನ್ನೇ ದುರುಗುಟ್ಟಿ ನೋಡುತ್ತ ಬರಬಹುದು. ಲೋಟ ಇಡಲು ತೂತಿದೆ, ಮಳೆಗೆ ಹೊದಿಕೆ ಇದೆ, ಸೊಳ್ಳೆಗೆ ಪರದೆ ಇದೆ. ಇಷ್ಟೆಲ್ಲ ಇದ್ದೂ ಒಂದು ಹಾರ್ನ್ ಇಲ್ಲ! ನಾನು ಕೇಳಿದ್ದಕ್ಕೆ, "ಸ್ಟ್ರಾಲರಿಗೆ ಹಾರ್ನ್ ಯಾರು ಇಡ್ತಾರೆ ಮಾವ" ಎಂದು ಅಳಿಯಂದಿರು ನಕ್ಕರು. ಹಾರ್ನ್ ಇಲ್ಲದೆ ಈ ಬೀದಿಯಲ್ಲಿ ಗಾಡಿ ಓಡಿಸುವವನ ಕಷ್ಟ ಜಮೀನು ಅಳೆಯುವವರಿಗೆ ಏನು ಗೊತ್ತು. ನಾನೇ ಬಾಯಲ್ಲಿ ಪೋಂ ಪೋಂ ಎನ್ನುತ್ತಿದ್ದೇನೆ.

ಬೆಳಗ್ಗೆ ಅಡಿಗೆ ಮುಗಿಯುವವರೆಗೆ ಮೇಡಂನವರನ್ನು ಕೆಳಗೆ ಕರೆದೊಯ್ಯುವ ಡ್ಯೂಟಿ ನನ್ನದು. ಕೆಳಗೆ ಗೇಟಿನ ಬಳಿಯ ಕಲ್ಲುಬೆಂಚು ನಿನಗೆ ಗೊತ್ತಲ್ಲ, ಮಂಡಿ ಕೆಟ್ಟಾಗಿನಿಂದ ನನ್ನ ಪ್ರಪಂಚದ ಕೊನೆಯೇ ಅದು. ನಾವಿಬ್ಬರೂ ಅಲ್ಲೇ ಕೂತಿರುತ್ತೇವೆಂದು ಮಗಳು ನಿಶ್ಚಿಂತೆಯಿಂದ ಇದ್ದಾಳೆ. ಹೊರಡುವ ಮುಂಚೆ ಕಂಡಕ್ಟರು ಬಸ್ಸಿನ ಮೈಗೆ ಎರಡೇಟು ತಟ್ಟುತ್ತಿದ್ದನಲ್ಲ, ಅದನ್ನು ಒಂದು ದಿನ ತಮಾಷೆಗೆ ಮಾಡಿ ತೋರಿಸಿದೆ. ತಪ್ಪಾಯಿತು. ಈಗ ಮೇಡಂನವರು ಸೀಟಿನ ಮುಂದಿರುವ ತಟ್ಟೆಯ ಮೇಲೆ ಎರಡು ಸಲ ಪಟಪಟ ಬಡಿದರೆ ಗಾಡಿ ಹೊರಡಬೇಕು. ಲೋಟಕ್ಕೆ ಕೈ ಹಾಕಿದ್ದರೂ ಹೊರಡಬೇಕು, ಯಾರೊಡನೆಯೋ ಮಾತಾಡುತ್ತಿದ್ದರೂ ಹೊರಡಬೇಕು. ಜೀವಮಾನವೆಲ್ಲ ಕಂಡಕ್ಟರ ಮಾತು ಕೇಳಿದ್ದು ಸಾಲದೆಂದು ನಿವೃತ್ತಿಯಲ್ಲಿ ಇವಳ ಕೈಕೆಳಗೆ ಬಿದ್ದೆ.

ಇಂಥ ದುಂದು ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತೇ ಇದೆ. ತಿಂಡಿಗೆ ಒಂದು ಭಾಷಣ, ಊಟಕ್ಕೆ ಒಂದು ಭಾಷಣ ಮಾಡಿದೆ. ಎದುರುಮನೆಯ ನರ್ಸಮ್ಮನ ಮಗುವಿಗೂ ಒಂದು ಗಾಡಿ ಇದೆ, ಅಗ್ಗದ್ದು. ಛತ್ರಿಯ ಹಾಗೆ ಮಡಚಿ ಮೊಳೆಗೆ ನೇತುಹಾಕುತ್ತಾಳೆ. ಒಂದೇ ಬೆರಳಲ್ಲಿ ಎತ್ತುತ್ತಾಳೆ, ಲಿಫ್ಟಿನಲ್ಲಿ ಇನ್ನೂ ಮೂವರಿಗೆ ಜಾಗ ಉಳಿಯುತ್ತದೆ. ಅವಳ ಮಗು ಅದರಲ್ಲಿ ಸುಖವಾಗಿ ನಿದ್ದೆ ಮಾಡುತ್ತದೆ, ನಮ್ಮ ಮೇಡಂ ಆ ದುಬಾರಿ ಮೆತ್ತೆಯ ಮೇಲೆ ಇದುವರೆಗೆ ರೆಪ್ಪೆ ಮುಚ್ಚಿಲ್ಲ. ಇದನ್ನೆಲ್ಲ ನಾನು ಹೇಳಿದೆ, ದಿನಾ ಹೇಳಿದೆ, ಅಳಿಯಂದಿರು ಎದ್ದು ಕೈತೊಳೆಯಲು ಹೋದರೆ ಹಿಂದೆಯೇ ಹೋಗಿ ನಲ್ಲಿಯ ಬಳಿಯೂ ಹೇಳಿದೆ. ದುಬಾರಿ ಗಾಡಿಯಿಂದ ಮಗುವಿಗೆ ಮೂರು ಕಾಸಿನ ಪ್ರಯೋಜನವಿಲ್ಲ, ಇದು ಹೆತ್ತವರ ಹೆಮ್ಮೆಗೆ ಹಾಕಿದ ಚಕ್ರ ಎಂದೆ. ಈ ಕೊನೆಯ ಮಾತು ನನಗೇ ಬಹಳ ಹಿಡಿಸಿ ಇನ್ನೊಮ್ಮೆ ಹೇಳಿದೆ.

ನೀನು ನಂಬುವುದಿಲ್ಲ, ನಾನು ಗೆದ್ದೆ! ಮದುವೆಯಾದ ಲಾಗಾಯ್ತು ಈ ಕುಟುಂಬದಲ್ಲಿ ನಾನು ಗೆದ್ದ ಮೊದಲ ವಾದ ಇದೇ ಇರಬೇಕು. ಮೊನ್ನೆ ಭಾನುವಾರ ಊಟದ ಹೊತ್ತಿಗೆ ಮಗಳು ಸೌಟು ಕೆಳಗಿಟ್ಟು, "ಆಯ್ತು ಕಣಪ್ಪಾ, ನೀನು ಹೇಳಿದ್ದೇ ಸರಿ. ದಿನಾ ನಿನ್ನ ಕೈಲಿ ಅನ್ನಿಸಿಕೊಂಡು ಸಾಕಾಯ್ತು. ಬರೋ ಭಾನುವಾರ ಇವರ ಆಫೀಸಿನವರೊಬ್ಬರು ಬಂದು ತಗೊಂಡು ಹೋಗ್ತಾರೆ, ನರ್ಸಮ್ಮನ ಹತ್ರ ಇರೋಂಥದ್ದೇ ಒಂದು ತರೋಣ" ಎಂದಳು. ಗೆದ್ದವನ ಮುಖ ಹೇಗಿರಬೇಕೋ ಹಾಗೆ ಇಟ್ಟುಕೊಂಡು ಮಜ್ಜಿಗೆ ಕುಡಿದು ಎದ್ದೆ.

ಇಷ್ಟೇ ಸಮಾಚಾರ. ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು, ಕಣ್ಣು ಉಜ್ಜಬಾರದೆಂದೂ ಹೇಳು. ಮೇಡಂನವರು ನಿನ್ನ ಫೋಟೋ ಕಂಡರೆ ತಟ್ಟೆ ಬಡಿಯುತ್ತಾರೆ, ಬೇಗ ಹೊರಟು ಬಾ ಎಂದಿರಬೇಕು. ಆರೋಗ್ಯ ನೋಡಿಕೋ.

ಇತಿ,
ನಿನ್ನವನೇ ಆದ,
ಎಂಜಿನ್

ಮರೆತ ಮಾತು: ಇಲ್ಲಿಂದಾಚೆ ಗಟ್ಟಿಯಾಗಿ ಓದಬೇಡ. ನಿಮ್ಮಕ್ಕ ಕೇಳಿದರೆ ಕಾಗದ ಮುಗಿಯಿತು ಎನ್ನು.

ಆ ಗಾಡಿ ಹೋಗಬಾರದು ಕಣೇ. ನಾನು ಗೇಟಿನ ಬಳಿ ಕೂರುತ್ತಿಲ್ಲ. ಮೊದಲ ದಿನ ಹಿಡಿಯ ಮೇಲೆ ಎರಡೂ ಕೈ ಊರಿ, ಮೇಡಂ ತಟ್ಟೆ ಬಡಿದರೆಂದು ನಾಲ್ಕು ಹೆಜ್ಜೆ ಹೋದೆ. ಮಂಡಿ ಏನೂ ಅನ್ನಲಿಲ್ಲ. ಮಾರನೆಯ ದಿನ ಕ್ಷೌರದಂಗಡಿಯವರೆಗೆ ಹೋದೆ. ಆಮೇಲೆ ಮೂಲೆ ತಿರುಗಿದೆವು. ಈಗ ದಿನಾ ಬೀದಿಯ ಆ ತುದಿಗೆ, ಬಸ್ಸುಗಳು ತಿರುವು ತೆಗೆಯುವ ಜಾಗಕ್ಕೆ ಹೋಗುತ್ತೇವೆ. ಒಂದು ವರ್ಷದಿಂದ ಬಾಲ್ಕನಿಯಲ್ಲಿ ಕೂತು ಸದ್ದು ಮಾತ್ರ ಕೇಳುತ್ತಿದ್ದೆನಲ್ಲ, ಆ ಬಸ್ಸುಗಳು. ಸ್ಟೇರಿಂಗ್ ಸಾಕಷ್ಟು ತಿರುಗಿಸದ ಡ್ರೈವರನನ್ನು ಕಂಡರೆ ನಾನು ಅಲ್ಲಿಂದಲೇ ಬೈಯುತ್ತೇನೆ. ಒಬ್ಬ ಹುಡುಗ ಡ್ರೈವರ್ ಮೇಡಂನವರನ್ನು ಕಂಡರೆ ಹಾರ್ನ್ ಮಾಡುತ್ತಾನೆ, ನಮಗೆ ತಿರುಗಿ ಮಾಡಲು ಹಾರ್ನ್ ಇಲ್ಲ.

ನೀನು ತಂದುಕೊಟ್ಟ ಊರುಗೋಲು ಬೀರುವಿನ ಹಿಂದೆ ಹಾಗೇ ಇದೆ. ಅದನ್ನು ಹಿಡಿದರೆ ಬೀದಿಯವರು, "ಪಾಪ, ಹೇಗಿದ್ದ ಮನುಷ್ಯ" ಎನ್ನುತ್ತಾರೆ. ಗಾಡಿ ತಳ್ಳಿದರೆ, "ಎಷ್ಟು ಮುದ್ದಾಗಿದೆ ಮಗು" ಎನ್ನುತ್ತಾರೆ. ಯಾವುದು ವಾಸಿ ನೀನೇ ಹೇಳು. ನನ್ನ ತೀರ್ಪು ಬದಲಾಗಿಲ್ಲ, ಅದನ್ನು ಗಮನಿಸು. ಮಗುವಿಗೆ ಅಷ್ಟು ಬೆಲೆಯ ಗಾಡಿ ಶುದ್ಧ ದಂಡ. ತಾತನಿಗೆ ಮಾತ್ರ ಅಗ್ಗವಾಯಿತು.

ಅಗ್ಗದ ಗಾಡಿಯನ್ನೂ ಪರೀಕ್ಷಿಸಿದೆ, ಅನ್ಯಾಯವಾಗಿ ಮಾತಾಡುತ್ತಿಲ್ಲ. ನಿನ್ನೆ ನರ್ಸಮ್ಮನದನ್ನು ಕೇಳಿ ಇಸಿದುಕೊಂಡು, ಈರುಳ್ಳಿ ಚೀಲ ಕೂರಿಸಿ, ಹಿಡಿಯ ಮೇಲೆ ಭಾರ ಬಿಟ್ಟೆ. ಅದು ಕುದುರೆಯ ಹಾಗೆ ಮುಂಗಾಲೆತ್ತಿ ನಿಂತಿತು. ಈರುಳ್ಳಿ ಗೇಟಿನಾಚೆ ಹೋಯಿತು, ನಾನು ನೆಲಕ್ಕೆ ಹೋದೆ. ಪೆಟ್ಟೇನೂ ಇಲ್ಲ, ಗಾಬರಿಯಾಗಬೇಡ. ವಾಚ್‌ಮನ್ ಕೈಹಿಡಿದು ಎಬ್ಬಿಸಿದ. ಈರುಳ್ಳಿ ಕೊಳ್ಳೆಯಲ್ಲಿ ಅವನಿಗೂ ಪಾಲು ಕೊಟ್ಟು ಬಾಯಿ ಮುಚ್ಚಿಸಿದ್ದೇನೆ.

ಗೆದ್ದ ವಾದವನ್ನು ನಾನೇ ಎದ್ದು ಸೋಲುವುದು ಹೇಗೆ? ಆದ್ದರಿಂದ ಭಾನುವಾರದೊಳಗೆ ನೀನು ಮಗಳಿಗೆ ಫೋನ್ ಮಾಡು. ನಿನ್ನದೇ ಅಭಿಪ್ರಾಯ ಎಂಬಂತೆ, "ಅಪ್ಪನ ಮಾತು ಯಾರಾದರೂ ಕೇಳ್ತಾರೇನೇ? ಗಾಡಿ ಇರಲಿ" ಎನ್ನು. ಆ ಮಾತನ್ನು ನೀನು ಎಷ್ಟು ಸಹಜವಾಗಿ ಹೇಳುತ್ತೀಯೆಂದರೆ ಯಾರಿಗೂ ಅನುಮಾನ ಬರುವುದಿಲ್ಲ. ನಾನು ಪಕ್ಕದ ಕೋಣೆಯಿಂದ ಎರಡು ಸಲ ಗೊಣಗಿ ಸೋಲೊಪ್ಪಿಕೊಳ್ಳುತ್ತೇನೆ. ಮಂಡಿಯ ಸುದ್ದಿ ಎತ್ತಬೇಡ, ಕೋಲಿನ ಸುದ್ದಿ ಮೊದಲೇ ಬೇಡ. ಮೇಡಂ ಸ್ವಂತವಾಗಿ ನಡೆಯಲು ಕಲಿಯುವವರೆಗೆ ಗಾಡಿ ಇದ್ದರೆ ಸಾಕು, ಅಷ್ಟರಲ್ಲಿ ನಾನೂ ಕಲಿತಿರುತ್ತೇನೆ.

ಇನ್ನೊಂದು. ಬರುವಾಗ ದಾರಿಯಲ್ಲಿ ಯಾವುದಾದರೂ ಸೈಕಲ್ ಅಂಗಡಿಯಲ್ಲಿ ಒಂದು ಹಾರ್ನ್ ತಾ, ರಬ್ಬರ್ ಬುರುಡೆ ಒತ್ತಿದರೆ ಪೋಂ ಎನ್ನುವಂಥದ್ದು. ಕ್ಲಿಪ್ಪು ಸ್ವಲ್ಪ ಅಗಲದ್ದೇ ಇರಲಿ, ಈ ಗಾಡಿಯ ಹಿಡಿ ದಪ್ಪ.